ಕಲಿಯೋಕೆ ಅತಿ ಕಷ್ಟದ ಪಂಚ್ ಎಡಗೈಯದು



ಸ್ವಲ್ಪ ಉದ್ದದ ಪೋಸ್ಟ್ ಇದು. ಬಾಕ್ಸಿಂಗ್ ಬಗ್ಗೆ ಬರೀತಾ ಇದ್ದೀನಿ. ಜೊತೆಗೆ ನನ್ನ ಒಂದು ತಪ್ಪನ್ನೂ ನಿಮ್ಮೆದುರು ಒಪ್ಪಿಕೊಳ್ಳೋದಿದೆ. ಬಿಡುವು ಮಾಡ್ಕೊಂಡು ಓದಿ.

ಇಕ್ಕೇರಿ ಕಡೆಯ ನಮ್ಮ ಕೇರಿಯ ಸಮುದಾಯ ಭವನದ ಜಗುಲಿಯಲ್ಲಿ ವಾರಕ್ಕೆ ಮೂರು ಸಂಜೆ ಮಕ್ಕಳಿಗೆ ಬಾಕ್ಸಿಂಗ್ ಹೇಳಿಕೊಡ್ತೀನಿ ಅನ್ನೋದು ನಿಮ್ಮಲ್ಲಿ ಹಲವರಿಗೆ ಗೊತ್ತು. ನಾನೇನೂ ದೊಡ್ಡ ಕೋಚ್ ಅಲ್ಲ. ತೊಂಬತ್ತರ ದಶಕದಲ್ಲಿ ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದಾಗ, ಬೆಳಿಗ್ಗೆ ಮೈದಾನಕ್ಕೆ ಓಡೋಕೆ ಬರ್ತಿದ್ದ ಒಬ್ಬ ನಿವೃತ್ತ ಸೈನಿಕರು ಮೂರು ವರ್ಷ ಕಲಿಸಿದ್ದೇ ನನ್ನ ಬಂಡವಾಳ. 2021ರಲ್ಲಿ ಪಾ. ರಂಜಿತ್ ಅವರ 'ಸಾರ್ಪಟ್ಟ ಪರಂಬರೈ' ಬಂತಲ್ಲ, ಉತ್ತರ ಚೆನ್ನೈನ ದುಡಿಯುವ ಜನರ ಬಾಕ್ಸಿಂಗ್ ಕಥೆ, ಅದನ್ನ ಮೊಬೈಲಿನಲ್ಲಿ ನೋಡಿದ ಹುಡುಗರು "ನಮಗೂ ಹೇಳ್ಕೊಡಿ" ಅಂತ ಮನೆ ಬಾಗಿಲಿಗೆ ಬಂದ್ರು. ಅಲ್ಲಿಂದ ಶುರು. ನಮ್ಮಲ್ಲಿ ರಿಂಗ್ ಇಲ್ಲ. ಎರಡು ಜೊತೆ ಗ್ಲೌಸ್, ಒಂದು ಜೊತೆ ಪ್ಯಾಡ್. ಗೋಣಿಚೀಲಕ್ಕೆ ಅಡಿಕೆ ಸಿಪ್ಪೆ, ಹಳೇ ಸೀರೆ ತುಂಬಿ ತೊಲೆಗೆ ಕಟ್ಟಿದ ಬ್ಯಾಗ್. ಹದಿನಾಲ್ಕು ಮಕ್ಕಳು ಬರ್ತಾರೆ, ಅದರಲ್ಲಿ ಐದು ಹೆಣ್ಣುಮಕ್ಕಳು.

ಮೊನ್ನೆ ಅವರಲ್ಲೊಬ್ಬಳು ಕೇಳಿದ್ಲು, "ಸಾರ್, ಎಲ್ಲಕ್ಕಿಂತ ಕಷ್ಟದ ಪಂಚ್ ಯಾವ್ದು?" ಆಗ ಅರ್ಧಂಬರ್ಧ ಉತ್ತರ ಕೊಟ್ಟೆ. ಪೂರ್ತಿ ಉತ್ತರ ಇಲ್ಲಿ ಬರೀತಾ ಇದ್ದೀನಿ.

ಪಂಚ್‌ಗಿಂತ ಮೊದಲು ಕಲಿಯಬೇಕಾದದ್ದು ನಿಲ್ಲೋದು. ಎಡಗಾಲು ಮುಂದೆ, ಬಲಗಾಲು ಹಿಂದೆ, ಎರಡೂ ಮುಷ್ಟಿ ಕೆನ್ನೆಯ ಹತ್ತಿರ, ಗದ್ದ ಕೆಳಗೆ, ಕಣ್ಣು ಎದುರಾಳಿಯ ಮೇಲೆ. ಬೇರೆ ಮಕ್ಕಳು ಇದನ್ನ ಒಂದೇ ದಿನದಲ್ಲಿ ಕಲೀತಾರೆ. ನಮ್ಮ ಮಕ್ಕಳಿಗೆ ವಾರಗಟ್ಟಲೆ ಬೇಕು. ಕೈ ಎತ್ತಿಸಿದ್ರೆ ಕಣ್ಣು ನೆಲಕ್ಕೆ ಹೋಗುತ್ತೆ. ಕಣ್ಣು ಎತ್ತಿಸಿದ್ರೆ ಕೈ ತಾನಾಗೇ ಇಳಿದು ಹೊಟ್ಟೆಯ ಮುಂದೆ ಕಟ್ಟಿಕೊಳ್ಳುತ್ತೆ. ಅದನ್ನ ಯಾರೂ ಅವರಿಗೆ ಹೇಳಿಕೊಟ್ಟಿಲ್ಲ. ಒಡೆಯರ ಮನೆ ಅಂಗಳದಲ್ಲಿ ಅಪ್ಪ ಕೈ ಕಟ್ಟಿ, ನೆಲ ನೋಡ್ತಾ ಕೂಲಿ ಲೆಕ್ಕ ಕೇಳಿಸಿಕೊಂಡಿದ್ದನ್ನ ಪಕ್ಕದಲ್ಲಿ ನಿಂತು ನೋಡಿದಾರೆ, ಅಷ್ಟೇ. ಮೈ ಅದನ್ನ ಕಲಿತುಬಿಟ್ಟಿದೆ.

ಮೈಸೂರು ದಸರಾದಲ್ಲಿ ಅರಮನೆ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತಲ್ಲ, ನಮ್ಮ ನಾಡಿನ ಮುಷ್ಟಿಯುದ್ಧ ಅದು. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ಆಯುಧ ಕಟ್ಟಿ ಹೊಡೆದಾಡ್ತಾರೆ, ರಕ್ತ ಚಿಮ್ಮಿದ ಕೂಡಲೇ ಆಟ ಮುಗೀತು. ಅದು ಜಟ್ಟಿ ಮನೆತನಗಳಿಗೆ ವಂಶಪಾರಂಪರ್ಯವಾಗಿ ಬಂದದ್ದು. ಈ ನಾಡಿನಲ್ಲಿ ಮುಷ್ಟಿ ಎತ್ತೋದಕ್ಕೂ ಜಾತಿ ಇತ್ತು. ನಮ್ಮವರು ಎತ್ತಿದ್ರೆ ಅದು ಕಲೆ ಅಲ್ಲ, ಸೊಕ್ಕು. ಇವತ್ತು ಎತ್ತಿದ್ರೆ ಕೌಂಟರ್ ಕೇಸ್. ಹಾಗಾಗಿ ನಮ್ಮ ಕ್ಲಾಸಿನ ಮೊದಲ ನಿಯಮ ಇದು: ಜಗುಲಿಯ ಹೊರಗೆ ಯಾರಾದ್ರೂ ಕೈ ಎತ್ತಿದ್ರೆ ಮಾರನೇ ದಿನದಿಂದ ಅವರು ಬರೋ ಹಾಗಿಲ್ಲ. "ಬಾಬಾಸಾಹೇಬರು ಪೆನ್ನು ಕೊಟ್ರು, ನೀವು ಗ್ಲೌಸ್ ಕೊಡ್ತಿದ್ದೀರಾ" ಅಂತ ಹೋದ ಸಲ ಕಾಮೆಂಟ್ ಹಾಕಿದವರಿಗೆ ಹೇಳೋದಿಷ್ಟೇ. ತಲೆ ಎತ್ತಿ ಕಣ್ಣಿಗೆ ಕಣ್ಣು ಕೊಟ್ಟು ನಿಲ್ಲೋಕೆ ಬಾರದ ಮಗು ಪೆನ್ನು ಹಿಡಿದ್ರೂ ಇಂಟರ್‌ವ್ಯೂನಲ್ಲಿ ನೆಲ ನೋಡುತ್ತೆ.

ಈಗ ಪಂಚ್‌ಗಳ ವಿಷಯಕ್ಕೆ ಬರ್ತೀನಿ.

ಬಲಗೈ ಏಟು ನಮ್ಮ ಹುಡುಗರಿಗೆ ಬೇಗ ಬರುತ್ತೆ. ಕೊಡಲಿ, ಗುದ್ದಲಿ, ಕತ್ತಿ ಹಿಡಿದ ತೋಳು ಅದು. ಒಂದೇ ತೊಂದರೆ ಅಂದ್ರೆ ದೂರದಿಂದ ಬೀಸ್ತಾರೆ. ಇಂಗ್ಲಿಷಿನಲ್ಲಿ ಇಂಥ ಬೀಸುಗುದ್ದಿಗೆ ಹೇಮೇಕರ್ ಅಂತಾರೆ, ಹುಲ್ಲು ಕೊಯ್ಯುವವನು ಕತ್ತಿ ಬೀಸಿದ ಹಾಗೆ ಅಂತ. ನೋಡೋಕೆ ಭರ್ಜರಿ. ಆದ್ರೆ ಎದುರಿನವನಿಗೆ ಅದು ಹೊರಟಾಗಲೇ ಕಾಣುತ್ತೆ, ತಪ್ಪಿಸಿಕೊಳ್ತಾನೆ, ಬೀಸಿದವನೇ ಮುಗ್ಗರಿಸ್ತಾನೆ. ದುಡಿಮೆಯ ಬೀಸನ್ನೇ ಪಳಗಿಸಿ ಪಂಚ್ ಮಾಡಿಕೊಂಡವರೂ ಇದ್ದಾರೆ. ಕ್ಯೂಬಾದ ಕಿಡ್ ಗವಿಲಾನ್ ಕಬ್ಬು ಕಡಿದು ಬೆಳೆದವನು. ಕಬ್ಬಿನ ಕತ್ತಿ ಬೀಸುವ ವರಸೆಯಿಂದಲೇ 'ಬೋಲೊ ಪಂಚ್' ಬಂತು ಅಂತ ಹೇಳ್ತಿದ್ದ. ಅವನು 1951ರಲ್ಲಿ ವೆಲ್ಟರ್‌ವೇಟ್ ಚಾಂಪಿಯನ್ ಆದ. ಆದ್ರೆ ಆ ಮಟ್ಟಕ್ಕೆ ಪಳಗಿಸೋಕೆ ವರ್ಷಗಳೇ ಬೇಕು.

ಅಪ್ಪರ್‌ಕಟ್ ಕಷ್ಟದ್ದು. ಕೆಳಗಿಂದ ಮೇಲಕ್ಕೆ, ಗದ್ದಕ್ಕೆ. ಎದುರಾಳಿಯ ಉಸಿರು ನಮಗೆ ತಾಗುವಷ್ಟು ಹತ್ತಿರ ಹೋಗಬೇಕು. ಹೊಡೆಯೋ ಕೈ ಕೆನ್ನೆ ಬಿಟ್ಟ ಕೂಡಲೇ ನಮ್ಮ ಗದ್ದವೇ ಬಯಲಾಗುತ್ತೆ. ಜೋರಾಗಿ ಹೊಡೆಯೋಣ ಅಂತ ಕೈಯನ್ನ ಸೊಂಟದ ತನಕ ಇಳಿಸಿದ್ರೆ ಕೆಟ್ಟೆವು. ಮಂಡಿ ಬಗ್ಗಿಸಿ, ನೆಲದಿಂದ ಶಕ್ತಿ ತಗೊಂಡು, ಗೇಣುದ್ದದಲ್ಲಿ ಹೊಡೆದು ಮುಗಿಸಬೇಕು.

ಆದ್ರೂ ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟ ಎಡಗೈ. ಅದರ ಜ್ಯಾಬ್, ಅದರ ಹುಕ್.

ಜ್ಯಾಬ್ ನೋಡೋಕೆ ಏನೂ ಇಲ್ಲ. ಎಡಗೈ ಮುಂದಕ್ಕೆ ಚಾಚೋದು, ವಾಪಸ್ ತರೋದು. ಸಿನಿಮಾದಲ್ಲಿ ಅದಕ್ಕೆ ಯಾರೂ ಶಿಳ್ಳೆ ಹೊಡೆಯಲ್ಲ. ಹುಡುಗರು ಹತ್ತು ಸಲ ಹೊಡೆದು "ಬಂತು ಸಾರ್" ಅಂತಾರೆ. ಸಾವಿರ ಸಲ ಹೊಡೆದ ಮೇಲೆ "ಬರ್ತಿಲ್ಲ ಸಾರ್" ಅಂತಾರೆ, ಆಗ ಕಲಿಕೆ ಶುರು ಅಂತ ಲೆಕ್ಕ. ಕೈ ಹೋದ ದಾರಿಯಲ್ಲೇ ವಾಪಸ್ ಬರಬೇಕು, ಕೆಳಗೆ ಜೋತು ಬೀಳಬಾರದು. ಹೋಗುವಾಗ ಎಡಭುಜ ಗದ್ದವನ್ನ ಮುಚ್ಚಬೇಕು. ಬಲಗೈ ಕೆನ್ನೆ ಬಿಡಬಾರದು. ಲ್ಯಾರಿ ಹೋಮ್ಸ್ 1978ರಿಂದ 1985ರ ತನಕ ಹೆವಿವೇಟ್ ಚಾಂಪಿಯನ್ ಆಗಿ ಉಳಿದದ್ದಕ್ಕೆ ದೊಡ್ಡ ಕಾರಣ ಈ ಜ್ಯಾಬ್. ಒಂದೇ ಏಟಿಗೆ ಬೀಳಿಸೋ ಪಂಚ್ ಅಲ್ಲ ಅದು. ಎದುರಾಳಿಯನ್ನ ದೂರ ಇಡುತ್ತೆ, ಅವನ ಲೆಕ್ಕ ತಪ್ಪಿಸುತ್ತೆ, ಉಳಿದ ಎಲ್ಲ ಪಂಚ್‌ಗೂ ದಾರಿ ಮಾಡಿಕೊಡುತ್ತೆ.

ಹುಕ್ ಇನ್ನೂ ಕಷ್ಟ. ಎಡ ಮೊಣಕೈ ಮುಷ್ಟಿಯ ಮಟ್ಟಕ್ಕೆ ಏರಬೇಕು, ತೋಳು ಬಾಗಿದ ಹಾಗೇ ಇರಬೇಕು. ಮುಂದಿನ ಪಾದ, ಸೊಂಟ, ಭುಜ ಒಟ್ಟಿಗೆ ತಿರುಗಬೇಕು. ತೋಳು ಬೀಸಿದ್ರೆ ಅದು ಹುಕ್ ಅಲ್ಲ, ಬಾಗಿಲು ತಳ್ಳಿದ ಹಾಗೆ. ಇಡೀ ದೇಹ ಒಂದಾಗಿ ತಿರುಗಿದ್ರೆ ಮಾತ್ರ ಗೇಣುದ್ದದ ಏಟಿಗೆ ಆಳು ಬೀಳ್ತಾನೆ.

ಇದೇ ಎಡ ಹುಕ್ಕನ್ನ ಪಕ್ಕೆಯ ಕೆಳಗೆ ಹೊಡೆದ್ರೆ ಲಿವರ್ ಏಟು. ಲಿವರ್ ಇರೋದು ಬಲಗಡೆ, ಎದುರು ನಿಂತವನಿಗೆ ಅದು ಸಿಗೋದು ಎಡಗೈಗೆ. ಏಟು ಬಿದ್ದ ಕ್ಷಣ ಏನೂ ಆಗಲ್ಲ. ಒಂದು ಉಸಿರಿನ ನಂತರ ಕಾಲು ಕುಸಿಯುತ್ತೆ. ಪ್ರಜ್ಞೆ ಇರುತ್ತೆ, ಎದ್ದೇಳೋಕೆ ಮಾತ್ರ ಆಗಲ್ಲ. 2004ರಲ್ಲಿ ಬರ್ನಾರ್ಡ್ ಹಾಪ್ಕಿನ್ಸ್ ಒಂಬತ್ತನೇ ರೌಂಡಿನಲ್ಲಿ ಹೊಡೆದ ಇಂಥ ಒಂದೇ ಏಟಿಗೆ ಆಸ್ಕರ್ ಡಿ ಲಾ ಹೋಯಾ ಅಂಥವನೇ ನೆಲಕ್ಕೆ ಬಿದ್ದು, ಗ್ಲೌಸಿನಿಂದ ನೆಲ ಗುದ್ದಿಕೊಂಡ. ಎಣಿಕೆ ಮುಗಿದ್ರೂ ಏಳೋಕಾಗಲಿಲ್ಲ.

ಎಡಗೈ ಯಾಕಿಷ್ಟು ಕಷ್ಟ? ಬಳಸಿಲ್ಲ, ಅದಕ್ಕೆ. ಊಟ ಬಲಗೈ, ಬರಹ ಬಲಗೈ, ದುಡ್ಡು ಕೊಡೋದು ಬಲಗೈ. ಎಡಗೈಲಿ ಏನಾದ್ರೂ ಕೊಟ್ರೆ ಅಜ್ಜಿ ಬೈತಿದ್ಲು. ತೊಳೆಯೋಕೆ ಮಾತ್ರ ಎಡಗೈ. ನಮ್ಮ ಭಾಷೆಯನ್ನೇ ನೋಡಿ. 'ಬಲ' ಅಂದ್ರೆ ಒಂದು ದಿಕ್ಕೂ ಹೌದು, ಶಕ್ತಿಯೂ ಹೌದು. 'ಎಡ' ಸೇರಿದ್ರೆ ಎಡವಟ್ಟು, ಎಡಬಿಡಂಗಿ. ಕೊಳೆ ಕೆಲಸಕ್ಕೆ ಇಟ್ಟುಕೊಂಡು, ಗೌರವದ ಕೆಲಸದಿಂದ ದೂರ ಇಟ್ಟು, ಆಮೇಲೆ "ಅದಕ್ಕೆ ಶಕ್ತಿ ಇಲ್ಲ" ಅನ್ನೋದು.

ಇಲ್ಲಿಗೆ ಬಂದಾಗ ನಿಮಗೆ ಬೇರೇನೋ ನೆನಪಾಗಿರುತ್ತೆ. ನನಗೂ ಆಯ್ತು. ಆದ್ರೆ ತಡವಾಗಿ ಆಯ್ತು. ನನ್ನ ತಪ್ಪು ಅಲ್ಲೇ ಇರೋದು.

ನಾನು ಬಲಗೈ ಸಮುದಾಯದವನು. ಕ್ಲಾಸಿಗೆ ಬರೋ ಮಕ್ಕಳಲ್ಲಿ ಹೆಚ್ಚಿನವರು ನಮ್ಮ ಕೇರಿಯವರೇ, ನನ್ನ ಸೋದರಳಿಯನೂ ಅವರಲ್ಲೊಬ್ಬ. ಹೋದ ವರ್ಷ ಮಳೆಗಾಲ ಶುರುವಾಗುವಾಗ ಒಬ್ಬ ಮಾದಿಗರ ಹುಡುಗ ಬಂದ. ಹದಿನೈದು ವರ್ಷ. ಅವನಪ್ಪ ಪೇಟೆಯಲ್ಲಿ ಚರಂಡಿ ಕೆಲಸಕ್ಕೆ ಹೋಗ್ತಾರೆ. ಹುಡುಗ ಹುಟ್ಟಾ ಎಡಚ. ನಾನು ಮೂರು ವರ್ಷ ಬಾಯಿ ಒಣಗಿಸಿಕೊಂಡು ಹೇಳಿಕೊಟ್ಟ ಎಡ ಹುಕ್ಕು ಅವನಿಗೆ ಎರಡೇ ವಾರಕ್ಕೆ ಬಂತು. ಎಡಚರನ್ನ ಬಲಗಾಲು ಮುಂದಿಟ್ಟು ನಿಲ್ಲಿಸೋದು ರೂಢಿ, ಅದಕ್ಕೆ ಸೌತ್‌ಪಾ ಅಂತಾರೆ. ನಾನು ಅವನನ್ನ ಎಲ್ಲರ ಹಾಗೇ ಎಡಗಾಲು ಮುಂದಿಟ್ಟು ನಿಲ್ಲಿಸಿದೆ. ಬಲವಾದ ಕೈ ಮುಂದೆ ಬಂತು. ಅಡಿಕೆ ಸಿಪ್ಪೆ ಚೀಲ ಅವನ ಏಟಿಗೆ ಹೊಲಿಗೆ ಬಿಡ್ತಿತ್ತು.

ಒಂದು ಸಂಜೆ ಅವನು ಬಿಚ್ಚಿಟ್ಟ ಗ್ಲೌಸನ್ನ ನನ್ನ ಅಳಿಯ ಮುಟ್ಟಲಿಲ್ಲ.

"ಹಾಕ್ಕೊಳೋ, ನಿನ್ನ ಸರದಿ" ಅಂದೆ.

"ಬ್ಯಾಡ ಮಾವ. ಅವ್ನು ಹಾಕ್ಕೊಂಡಿದ್ದು ನಂಗ್ ಬ್ಯಾಡ. ಬೆವರು."

ಬೆವರು! ಹದಿನಾಲ್ಕು ಜನರ ಬೆವರು ಕುಡಿದ ಗ್ಲೌಸ್ ಅದು. ಹಿಂದಿನ ತಿಂಗಳವರೆಗೆ ಯಾರ ಬೆವರೂ ಅವನಿಗೆ ನಾರಿರಲಿಲ್ಲ. ಎಲ್ಲರೂ ಸುಮ್ಮನಾದ್ರು. ಆ ಹುಡುಗ ನನ್ನ ಮುಖ ನೋಡಿದ. ನಾನು ಏನು ಮಾಡ್ದೆ ಗೊತ್ತಾ? "ಸರಿ, ಇನ್ನೊಂದು ಜೊತೆ ತಗೋ" ಅಂತ ಅಳಿಯನಿಗೆ ಹೇಳಿ ಮುಂದಿನ ಡ್ರಿಲ್ಲಿಗೆ ಹೋದೆ. ಮೂವತ್ತು ವರ್ಷ ವೇದಿಕೆ ಮೇಲೆ ನಿಂತು ಅಸ್ಪೃಶ್ಯತೆ ಬಗ್ಗೆ ಭಾಷಣ ಮಾಡಿದವನು, ನನ್ನ ಜಗುಲಿಯಲ್ಲೇ, ನನ್ನ ಅಕ್ಕನ ಮಗ ಅಸ್ಪೃಶ್ಯತೆ ಆಚರಿಸಿದಾಗ ಗ್ಲೌಸ್ ಬದಲಾಯಿಸಿಕೊಟ್ಟೆ. ಎರಡು ಲೋಟ ಇಡೋ ಹೋಟೆಲಿನವನು ಮಾಡೋದೂ ಇದನ್ನೇ ತಾನೇ?

ಮಾರನೇ ವಾರದಿಂದ ಆ ಹುಡುಗ ಬರಲಿಲ್ಲ. "ಕೆಲಸಕ್ಕೆ ಹೋಗ್ತಿರಬೇಕು" ಅಂತ ನಾನೇ ಹೇಳ್ಕೊಂಡೆ. ಲಿವರ್ ಏಟು ಹಾಗೇ ಅಲ್ವಾ, ತಕ್ಷಣ ಗೊತ್ತಾಗಲ್ಲ. ನನಗೆ ತಾಗೋಕೆ ಎಂಟು ತಿಂಗಳು ಬೇಕಾಯ್ತು.

ತಾಗಿಸಿದ್ದು ಜೋ ಫ್ರೇಜಿಯರ್. ನಾವೆಲ್ಲ ಮುಹಮ್ಮದ್ ಅಲಿಯ ಭಕ್ತರು. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂದು ಚಾಂಪಿಯನ್ ಪಟ್ಟ ಕಳೆದುಕೊಂಡ ಅಲಿಯ ಫೋಟೊ ನನ್ನ ಹಾಸ್ಟೆಲ್ ರೂಮಿನ ಗೋಡೆ ಮೇಲೂ ಇತ್ತು. ಫ್ರೇಜಿಯರ್ ಅಂದ್ರೆ ಅಲಿ ಜೊತೆ ಹೊಡೆದಾಡಿದವನು ಅಂತಷ್ಟೇ ಗೊತ್ತಿತ್ತು. ಮೊನ್ನೆ ಎಡ ಹುಕ್ ಬಗ್ಗೆ ಮಕ್ಕಳಿಗೆ ಹೇಳೋಣ ಅಂತ ಅವನ ಬದುಕನ್ನ ಓದ್ತಾ ಕೂತೆ.

ಫ್ರೇಜಿಯರ್ ದಕ್ಷಿಣ ಕೆರೊಲಿನಾದ ಬ್ಯೂಫರ್ಟ್ ಕಡೆಯ ಬಡ ರೈತ ಕೂಲಿ ಕುಟುಂಬದವನು. ಅವನಪ್ಪ ಗುಂಡೇಟಿನಿಂದ ಎಡಗೈ ಕಳ್ಕೊಂಡಿದ್ದ. ಮಗ ಅಪ್ಪನ ಎಡಗೈಯಾಗಿ ಪಕ್ಕದಲ್ಲೇ ನಿಂತು ಕೆಲಸ ಮಾಡ್ತಾ ಬೆಳೆದ. ಹುಡುಗನಾಗಿದ್ದಾಗ ಹಂದಿ ಅಟ್ಟಿಸಿಕೊಂಡು ಬಂದು, ಬಿದ್ದು, ಅವನದೇ ಎಡಗೈಗೆ ಪೆಟ್ಟಾಯ್ತು. ಡಾಕ್ಟರ ಹತ್ತಿರ ಹೋಗೋಕೆ ದುಡ್ಡಿಲ್ಲ. ಕೈ ಸೊಟ್ಟಗೇ ಕೂಡಿಕೊಂಡಿತು, ಮತ್ತೆಂದೂ ಪೂರ್ತಿ ನೇರ ಆಗಲಿಲ್ಲ. ಗೋಣಿಚೀಲಕ್ಕೆ ಚಿಂದಿಬಟ್ಟೆ, ಜೋಳದ ದಿಂಡು, ಒಂದು ಇಟ್ಟಿಗೆ ತುಂಬಿ ಮರಕ್ಕೆ ಕಟ್ಟಿ ಗುದ್ದಿ ಗುದ್ದಿ ಕಲಿತ. ನಮ್ಮ ಅಡಿಕೆ ಸಿಪ್ಪೆ ಚೀಲದ ಅಣ್ಣ ಅದು. ಆಮೇಲೆ ಫಿಲಡೆಲ್ಫಿಯಾದ ಕಸಾಯಿಖಾನೆಯಲ್ಲಿ ಕೆಲಸ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಎಡಗೈ ಹೆಬ್ಬೆರಳು ಮುರಿದಿದ್ರೂ ಫೈನಲ್ ಆಡಿ ಚಿನ್ನ ಗೆದ್ದ. 1971ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ, ಹದಿನೈದನೇ ರೌಂಡಿನಲ್ಲಿ, ಅಲಿಯನ್ನ ನೆಲಕ್ಕೆ ಬೀಳಿಸಿದ್ದು ಅದೇ ಸೊಟ್ಟ ಎಡಗೈಯ ಹುಕ್. ಬಡತನ ನೇರ ಆಗೋಕೆ ಬಿಡದ ಕೈ, ಹುಕ್ ಹೊಡೆಯೋಕೆ ಸದಾ ಬಾಗಿಕೊಂಡೇ ಇತ್ತು.

ನನ್ನ ಕಣ್ಣು ನಿಂತದ್ದು ಮುಂದಿನ ಮಾತಿನಲ್ಲಿ. ಅಲಿಯ ಲೈಸೆನ್ಸ್ ಹೋಗಿದ್ದ ದಿನಗಳಲ್ಲಿ ಫ್ರೇಜಿಯರ್ ಅವನಿಗೆ ದುಡ್ಡು ಕೊಟ್ಟಿದ್ದ, ಅವನಿಗೆ ಮತ್ತೆ ಆಡೋಕೆ ಬಿಡಿ ಅಂತ ದೊಡ್ಡವರ ಹತ್ರ ಮಾತಾಡಿದ್ದ. ಆದ್ರೆ ಫೈಟ್ ಬಂದಾಗ ಅಲಿ ಇದೇ ಫ್ರೇಜಿಯರ್‌ನನ್ನ 'ಅಂಕಲ್ ಟಾಮ್' ಅಂದ, ಅಂದ್ರೆ ಬಿಳಿಯರ ಮನೆ ಗುಲಾಮ ಅಂತ. 1975ರ ಮನಿಲಾ ಫೈಟಿಗೆ ಮೊದಲು 'ಗೊರಿಲ್ಲ' ಅಂದು ಗೊಂಬೆ ಹಿಡಿದು ಕುಣಿಸಿದ. ಬಿಳಿಯರು ಕರಿಯರಿಗೆ ಬಳಸ್ತಿದ್ದ ಬೈಗುಳವನ್ನ ಒಬ್ಬ ಕರಿಯ ಇನ್ನೊಬ್ಬ ಕರಿಯನಿಗೆ ಬಳಸಿದ. ನೋಡೋಕೆ ಟಿಕೆಟ್ ತಗೊಂಡವರು ನಕ್ಕರು. 2001ರಲ್ಲಿ ಅಲಿ ಪತ್ರಿಕೆಯಲ್ಲಿ ಕ್ಷಮೆ ಕೇಳಿದ. ಮೂವತ್ತು ವರ್ಷ ತಡವಾಗಿತ್ತು. ನಾನು ಈಗಲೂ ಅಲಿಯನ್ನ ಪ್ರೀತಿಸ್ತೀನಿ. ಆದ್ರೆ ಆ ರಾತ್ರಿ ನಿದ್ದೆ ಬರಲಿಲ್ಲ. ಅಳಿಯನ ಬಾಯಲ್ಲಿ ಬಂದದ್ದೂ ಅದೇ ಬೈಗುಳ ತಾನೇ? ಮೇಲಿನವರು ನಮಗೆ ಹೇಳ್ತಿದ್ದ ಮಾತನ್ನ ನಾವು ಪಕ್ಕದ ಮನೆಯವನಿಗೆ ಹೇಳಿದ್ವಿ.

ಈ ಮಾತು ಜಗುಲಿಗೆ ಮಾತ್ರ ಸೇರಿದ್ದಲ್ಲ. ಒಳಮೀಸಲಾತಿ ಬೇಕು ಅಂತ ಎಡಗೈ ಸಮುದಾಯಗಳು ದಶಕಗಟ್ಟಲೆ ಬೀದಿಯಲ್ಲಿದ್ವು. 2005ರಲ್ಲಿ ಸದಾಶಿವ ಆಯೋಗ ಬಂತು, 2012ರಲ್ಲಿ ವರದಿ ಕೊಟ್ಟಿತು, ವರದಿ ಧೂಳು ಹಿಡೀತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಳವರ್ಗೀಕರಣಕ್ಕೆ ದಾರಿ ತೆರೆಯಿತು. 2025ರ ಆಗಸ್ಟಿನಲ್ಲಿ ನಾಗಮೋಹನ್ ದಾಸ್ ಆಯೋಗದ ವರದಿ ಬಂದ ಮೇಲೆ ಸಚಿವ ಸಂಪುಟ ಎಡಗೈಗೆ 6, ಬಲಗೈಗೆ 6, ಉಳಿದವರಿಗೆ 5 ಅಂತ ಹಂಚಿತು. ಆಯೋಗ ಅಲೆಮಾರಿಗಳಿಗೆ ಪ್ರತ್ಯೇಕವಾಗಿ ಇಟ್ಟಿದ್ದ ಶೇ. 1 ಅದರಲ್ಲಿ ಕರಗಿಹೋಯ್ತು, ಅವರು ಮತ್ತೆ ಬೀದಿಗೆ ಬಂದ್ರು.

ಈ ಇಷ್ಟೂ ವರ್ಷ ನನ್ನಂಥ ಬಲಗೈ ಕಾರ್ಯಕರ್ತರು ಏನು ಮಾಡಿದ್ವಿ? ವಿರೋಧಿಸಲಿಲ್ಲ, ನಿಜ. "ಒಗ್ಗಟ್ಟು ಒಡೆಯುತ್ತೆ", "ಈಗ ಸಮಯ ಅಲ್ಲ" ಅಂದ್ವಿ. ಅದೂ ಗ್ಲೌಸ್ ಬದಲಾಯಿಸಿಕೊಟ್ಟ ಹಾಗೆಯೇ. ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು ಎಡಗೈ ಸಮುದಾಯದಿಂದ ಬಂದವರು. ನಮ್ಮ ಜಿಲ್ಲೆಯ ಮಣ್ಣಿನಲ್ಲಿ ಅವರು ದಲಿತ ಸಂಘರ್ಷ ಸಮಿತಿ ಕಟ್ಟಿದಾಗ ಎರಡೂ ಕೈ ಸೇರಿತ್ತು. ಆಮೇಲೆ ನಾವು ಒಂದೇ ಕೈಯಲ್ಲಿ ಬೀಸ್ತಾ ಹೋದ್ವಿ. ದೊಡ್ಡ ಸಮಾವೇಶ, ದೊಡ್ಡ ಭಾಷಣ, ದೊಡ್ಡ ಬೀಸು. ಬಗರ್‌ಹುಕುಂ ಅರ್ಜಿ ಹಿಂದೆ ತಾಲ್ಲೂಕು ಕಚೇರಿಗೆ ಹತ್ತು ಸಲ ಅಲೆಯೋದು, ದೌರ್ಜನ್ಯ ಕೇಸಿನ ಸಾಕ್ಷಿಗಳ ಜೊತೆ ಪ್ರತಿ ವಾಯಿದೆಗೂ ಹೋಗೋದು, ಹಾಸ್ಟೆಲಿನ ಊಟ ನೋಡೋಕೆ ತಿಂಗಳಿಗೊಮ್ಮೆ ಹೋಗೋದು, ಇವೆಲ್ಲ ಜ್ಯಾಬ್. ಶಿಳ್ಳೆ ಬೀಳಲ್ಲ ಅಂತ ಬಿಟ್ವಿ.

ಬಾಕ್ಸಿಂಗ್ ಗೊತ್ತಿರೋ ಯಾರನ್ನೇ ಕೇಳಿ. ಬಲಗೈ ಒಂದನ್ನೇ ನಂಬಿದವನನ್ನ ಎರಡು ರೌಂಡಿನಲ್ಲಿ ಓದಿಬಿಡಬಹುದು. ಎಡಗೈ ಎದ್ದರೆ ಬಲಗೈಗೆ ನಷ್ಟ ಇಲ್ಲ. ಎಡಗೈ ಜ್ಯಾಬ್ ದಾರಿ ಮಾಡಿಕೊಟ್ರೇನೇ ಬಲಗೈ ಏಟು ಗುರಿ ಮುಟ್ಟೋದು. ಎಡ ಹುಕ್ ಹೊರಟಾಗ ಬಲಗೈ ಮಾಡಬೇಕಾದ ಕೆಲಸ ಒಂದೇ, ಕೆನ್ನೆಯ ಹತ್ತಿರ ನಿಂತು ಮುಖ ಕಾಯೋದು. ನಾವು ಮಾಡದೇ ಹೋದ ಕೆಲಸ ಅದೇ.

ಎರಡು ವಾರದ ಹಿಂದೆ ಆ ಹುಡುಗನ ಮನೆಗೆ ಹೋದೆ. ಅವನಮ್ಮ ಜಗುಲಿಗೆ ಚಾಪೆ ಹಾಕಿದ್ರು. ಟೀ ಮಾಡಲಾ ಬೇಡ್ವಾ ಅಂತ ಅನುಮಾನಿಸ್ತಾ ನಿಂತಿದ್ರು. ನಾನೇ "ಅಕ್ಕ, ಒಂದು ಲೋಟ ಟೀ ಕೊಡಿ" ಅಂತ ಕೇಳಿ ಕುಡಿದೆ. ಹುಡುಗನ ಹತ್ರ ತಪ್ಪಾಯ್ತು ಅಂದೆ. ಅವನು ಬಹಳ ಹೊತ್ತು ಸುಮ್ಮನಿದ್ದ.

"ಬರ್ತೀನಿ ಸಾರ್. ಆದ್ರೆ ನಂಗೆ ಪ್ಯಾಡ್ ಅವ್ನೇ ಹಿಡೀಬೇಕು" ಅಂದ.

ಪ್ಯಾಡ್ ಹಿಡಿಯೋದು ಅಂದ್ರೆ ಸಣ್ಣ ವಿಷಯ ಅಲ್ಲ. ಎದುರು ನಿಂತು, ಅವನ ಕಣ್ಣು ನೋಡ್ತಾ, ಅವನ ಏಟನ್ನ ನಮ್ಮ ಅಂಗೈಗೆ ತಗೋಬೇಕು. ನಂಬಿಕೆ ಇಲ್ಲದೇ ಆಗಲ್ಲ.

ಅಳಿಯ ಇನ್ನೂ ಒಪ್ಪಿಲ್ಲ. ಅವನೂ ಕ್ಲಾಸಿಗೆ ಬರೋದು ಬಿಟ್ಟಿದ್ದಾನೆ. "ಬೇರೆಯವರ ಮಗನಿಗೋಸ್ಕರ ನನ್ನ ಮಗನ್ನ ದೂರ ಮಾಡ್ತೀಯಾ" ಅಂತ ಅಕ್ಕ ಫೋನಿನಲ್ಲಿ ಬೈದ್ಲು, ಈಗ ಮಾತು ಬಿಟ್ಟಿದ್ದಾಳೆ. ಸದ್ಯ ಪ್ಯಾಡ್ ನಾನೇ ಹಿಡೀತಿದ್ದೀನಿ. ಅವನ ಎಡ ಹುಕ್ಕಿಗೆ ನನ್ನ ಮಣಿಕಟ್ಟು ಊದಿಕೊಂಡಿದೆ. ಪ್ರತಿ ಭಾನುವಾರ ಅಕ್ಕನ ಮನೆಗೆ ಹೋಗಿ ಜಗುಲಿಯಲ್ಲಿ ಕೂತು ಬರ್ತೀನಿ. ಅದು ನನ್ನ ಜ್ಯಾಬ್. ಹತ್ತು ಸಲಕ್ಕೆ ಬರಲ್ಲ ಅಂತ ಗೊತ್ತು.

ಪ್ರಶ್ನೆ ಕೇಳಿದ ಹುಡುಗಿಗೆ ಉತ್ತರ: ಎಡಗೈಯದೇ ಕಷ್ಟ, ಮಗಳೇ. ಆದ್ರೆ ಹೆದರಬೇಡ. ಹೆಣ್ಣುಮಕ್ಕಳ ಬಾಕ್ಸಿಂಗ್ ಒಲಿಂಪಿಕ್ಸಿಗೆ ಬಂದದ್ದೇ 2012ರಲ್ಲಿ, ಆ ಮೊದಲ ಸಲವೇ ಮೇರಿ ಕೋಮ್ ಕಂಚು ತಂದ್ರು. ನಿಜಾಮಾಬಾದಿನ ನಿಖತ್ ಜರೀನ್ 2022 ಮತ್ತು 2023, ಎರಡೂ ವರ್ಷ ವಿಶ್ವ ಚಾಂಪಿಯನ್ ಆದ್ರು. ಅವರಿಗೂ ಮೊದಲ ದಿನ ಎಡಗೈ ಎಡಗೈಯಾಗೇ ಇತ್ತು.

ಕೊನೆಯದಾಗಿ ಒಂದು ಮನವಿ. ಇದನ್ನ ಓದಿ ಕೆಲವರು ಪ್ರೀತಿಯಿಂದ "ಒಬ್ಬೊಬ್ಬರಿಗೂ ಒಂದೊಂದು ಜೊತೆ ಗ್ಲೌಸ್ ಕಳಿಸ್ತೀವಿ" ಅಂತ ಬರೀತೀರಿ. ದಯವಿಟ್ಟು ಬೇಡ. ಪ್ಯಾಡ್ ಇದ್ರೆ ಕಳಿಸಿ, ಕೈಗೆ ಸುತ್ತೋ ಬಟ್ಟೆ ಕಳಿಸಿ. ಗ್ಲೌಸ್ ಎರಡೇ ಜೊತೆ ಇರಲಿ.

ಜೈ ಭೀಮ್.